ಆಷಾಢ ಕಳೆಯಲಿ, ನೋಡೋಣ

ಚಿಕ್ಕಬಳ್ಳಾಪುರದಲ್ಲಿ ಬಾಡಿಗೆ ಮನೆ ಹುಡುಕುತ್ತಿದ್ದ ಬೇಸಿಗೆಯಲ್ಲೇ ನಾನು ಇಂಗ್ಲಿಷ್ ಪತ್ರಿಕೆಗಳ ಅಸ್ಪಷ್ಟ ಭಾಷೆಯ ಮೇಲೆ ಪಿಎಚ್.ಡಿ. ಪ್ರಬಂಧ ಬರೆಯುತ್ತಿದ್ದೆ. ಎರಡೂ ಕೆಲಸ ಒಟ್ಟಿಗೆ ತಗಲಿಕೊಂಡದ್ದು ಆಕಸ್ಮಿಕ. ಆದರೆ ಒಂದರಲ್ಲಿ ಕಲಿತದ್ದನ್ನು ಇನ್ನೊಂದರಲ್ಲಿ ಬಳಸಲು ಹೋಗಿ ಕೆಟ್ಟೆ. ಯಾರಿಗೂ ಹೇಳದೆ ಬಹಳ ಕಾಲ ಒಳಗೇ ಇಟ್ಟುಕೊಂಡಿದ್ದೇನೆ. ಇಟ್ಟುಕೊಂಡಷ್ಟೂ ಹೆಚ್ಚು ಹೆಚ್ಚು ಸಂಕಟವಾಗುತ್ತಿದೆ, ಅದಕ್ಕೆ ಬರೆಯುತ್ತಿದ್ದೇನೆ.

ನಾನಾಗ ಅಲ್ಲಿನ ಒಂದು ಕಾಲೇಜಿನಲ್ಲಿ ಇಂಗ್ಲಿಷಿನ ಅತಿಥಿ ಉಪನ್ಯಾಸಕಿ. ಅತಿಥಿ ಎನ್ನುವ ಮಾತಿಗೆ ಮರುಳಾಗಬೇಡಿ. ಪ್ರತಿ ವರ್ಷ ಹೊಸದಾಗಿ ಕರೆಯುತ್ತಾರೆ, ಕರೆಯದಿದ್ದರೆ ಇಲ್ಲ, ಅಷ್ಟೇ. ನಮ್ಮ ಮನೆ ಗೌರಿಬಿದನೂರು. ಬೆಳಿಗ್ಗೆ ಬಸ್ಸು ಹತ್ತಿ ಮಂಚೇನಹಳ್ಳಿ ಮೇಲೆ ಚಿಕ್ಕಬಳ್ಳಾಪುರಕ್ಕೆ ಬಂದು, ಸಂಜೆ ಅದೇ ದಾರಿಯಲ್ಲಿ ವಾಪಸು. ಮನೆ ಮುಟ್ಟುವ ಹೊತ್ತಿಗೆ ಪ್ರಬಂಧ ಬರೆಯುವುದಿರಲಿ, ತಟ್ಟೆ ಮುಂದೆ ಕೂರುವುದಕ್ಕೂ ಬೇಸರ. ಯೂನಿವರ್ಸಿಟಿಯ ಗಡುವು ಹತ್ತಿರ ಬರುತ್ತಿತ್ತು. ಕಾಲೇಜಿನ ಊರಲ್ಲೇ ಒಂದು ಮನೆ ಸಿಕ್ಕಿದರೆ ಪ್ರಬಂಧ ಮುಗಿಯುತ್ತದೆ, ಇಲ್ಲದಿದ್ದರೆ ಇಷ್ಟು ವರ್ಷದ ಕೆಲಸ ನೀರುಪಾಲು ಎನ್ನುವ ಸ್ಥಿತಿ.

ಪ್ರಬಂಧದ ವಿಷಯ ಹೇಳಿದರೆ ಬಸ್ಸಿನಲ್ಲಿ ಪಕ್ಕದವರು ನಗುತ್ತಿದ್ದರು. ಪತ್ರಿಕೆಯವರು ಇದಮಿತ್ಥಂ ಎಂದು ಹೇಳದೆ 'ಸುಮಾರು', 'ಕೆಲವರು', 'ಇತ್ಯಾದಿ', 'ಎನ್ನಲಾಗಿದೆ' ಎಂದು ಬರೆಯುತ್ತಾರಲ್ಲ, ಅದರ ಮೇಲೆ. ಇಂಗ್ಲಿಷ್ ಮನೆಮಾತಾಗಿರುವ ದೇಶದ ಪತ್ರಿಕೆಯಲ್ಲಿ ಇಂಥ ಮಾತು ಹೇಗೆ ಬರುತ್ತದೆ, ಇಂಗ್ಲಿಷನ್ನು ಶಾಲೆಯಲ್ಲಿ ಕಲಿತ ನಮ್ಮಂಥವರ ಪತ್ರಿಕೆಯಲ್ಲಿ ಹೇಗೆ ಬರುತ್ತದೆ ಎಂದು ಹೋಲಿಸುವುದು. ಲಂಡನ್ನಿನದೊಂದು, ಬೆಂಗಳೂರಿನದೊಂದು, ಕೀನ್ಯಾದ್ದೊಂದು ಪತ್ರಿಕೆ ಇಟ್ಟುಕೊಂಡಿದ್ದೆ. ನನ್ನ ಕಣ್ಣಿಗೆ ಲಂಡನ್ನಿನವರದು ಹೆಚ್ಚಾಗಿ ಸಲಿಗೆ. 'ಒಂಥರಾ', 'ಅಂಥದ್ದೇ ಏನೋ ಒಂದು' ಎಂದು ಬರೆದು ಓದುಗನ ಹೆಗಲ ಮೇಲೆ ಕೈ ಹಾಕುತ್ತಾರೆ. ನಮ್ಮವರದು ಅಂಜಿಕೆ. 'ಕೆಲವು ಕಿಡಿಗೇಡಿಗಳು', 'ಬಲ್ಲ ಮೂಲಗಳು', 'ಯಾವುದೇ ಅಹಿತಕರ ಘಟನೆ ನಡೆದಿಲ್ಲ'. ಈ ಅಹಿತಕರ ಘಟನೆ ಎಂದರೇನು ಎಂದು ಯಾವ ವರದಿಗಾರನೂ ಬಿಡಿಸಿ ಹೇಳಿದ್ದನ್ನು ನಾನು ಕಾಣೆ. ಹೇಳಬೇಕಾಗಿಯೂ ಇಲ್ಲ, ಓದುವವರು ತಾವೇ ತುಂಬಿಕೊಳ್ಳುತ್ತಾರೆ. ಕೀನ್ಯಾದ ಪತ್ರಿಕೆ ಓದುವಾಗಲಂತೂ ನಮ್ಮ ಜಿಲ್ಲಾ ಪುಟವನ್ನೇ ಓದಿದಂತಾಗುತ್ತಿತ್ತು.

ಹೀಗೆ ಗೆರೆ ಎಳೆದಂತೆ ಹೇಳಿದರೆ ನನ್ನ ಗೈಡ್ ಗದರುತ್ತಿದ್ದರು. ಲಂಡನ್ನಿನವರಿಗೂ ಕೋರ್ಟಿನ ಭಯವಿದೆ, ನಮ್ಮವರಿಗೂ ಸಲಿಗೆ ಗೊತ್ತು ಎನ್ನುತ್ತಿದ್ದರು. ಅವರು ಪದೇ ಪದೇ ಹೇಳುತ್ತಿದ್ದದ್ದು ಒಂದು ಮಾತು. ಅಸ್ಪಷ್ಟ ಮಾತು ಕಂಡ ಕೂಡಲೇ ಅದನ್ನು ಸುಳ್ಳು ಎಂದುಕೊಳ್ಳಬೇಡಿ, ಹೇಳಿದವರು ಯಾಕೆ ಹಾಗೆ ಹೇಳಿದರು ಎಂದು ಹೋಗಿ ಕೇಳಿ. ನಾನು ತಲೆಯಾಡಿಸಿ ಬರೆದುಕೊಂಡಿದ್ದೆ.

ಈ ಕೆಲಸದಲ್ಲಿ ಒಂದು ಪದ್ಧತಿಯಿದೆ. ಒಬ್ಬರೇ ಓದಿ ಗುರುತು ಹಾಕಿದರೆ ಸಾಲದು. ಅದೇ ಸುದ್ದಿಯನ್ನು ಇನ್ನೊಬ್ಬರು ಬೇರೆ ಕೂತು ಓದಿ, ಅಸ್ಪಷ್ಟ ಎನ್ನಿಸಿದ ಮಾತಿನ ಕೆಳಗೆ ಗೆರೆ ಹಾಕಬೇಕು. ಆಮೇಲೆ ಇಬ್ಬರೂ ಎದುರುಬದುರು ಕೂತು ತಾಳೆ ನೋಡಬೇಕು. ಹಾಗೆ ಎರಡನೇ ಓದಿಗೆ ಸಿಕ್ಕವಳು ನನ್ನ ಗೆಳತಿ. ಅದೇ ಕಾಲೇಜಿನಲ್ಲಿ ಕಾಮರ್ಸ್ ಹೇಳಿಕೊಡುತ್ತಿದ್ದಳು, ಅವಳದು ಕಾಯಂ ಕೆಲಸ. ಶಿಡ್ಲಘಟ್ಟ ತಾಲ್ಲೂಕಿನ ಜಂಗಮಕೋಟೆ ಕಡೆಯ ಜಮೀನುಳ್ಳ ಮನೆತನ. ಹಿಪ್ಪುನೇರಳೆ ತೋಟ, ರೇಷ್ಮೆಹುಳು ಸಾಕುವ ಮನೆ, ಹಾಲು ಕರೆಯುವ ಹಸುಗಳು ಎಲ್ಲ ಊರಲ್ಲಿ ದೊಡ್ಡಪ್ಪನ ಸುಪರ್ದಿನಲ್ಲಿ. ತಂದೆ ತೀರಿಕೊಂಡ ಮೇಲೆ ಅವಳೂ ಅವಳ ತಾಯಿಯೂ ಚಿಕ್ಕಬಳ್ಳಾಪುರದ ಮನೆಯಲ್ಲಿದ್ದರು. ಕೆಳಗೆ ಅವರು, ಮಹಡಿಯ ಮೇಲೆ ಎರಡು ಕೋಣೆಯ ಇನ್ನೊಂದು ಪುಟ್ಟ ಮನೆ.

ಮಧ್ಯಾಹ್ನದ ಬಿಡುವಿನಲ್ಲಿ ಸ್ಟಾಫ್ ರೂಮಿನ ಮೂಲೆಯಲ್ಲಿ ಡಬ್ಬಿ ಬಿಚ್ಚಿಕೊಂಡು ನಾವು ತಾಳೆ ನೋಡುತ್ತಿದ್ದೆವು. ನನ್ನ ಚಟ್ನಿ ಅವಳಿಗೆ, ಅವಳ ಪಲ್ಯ ನನಗೆ. ಒಂದು ದಿನ ಬೆಂಗಳೂರಿನ ಪತ್ರಿಕೆಯ ವರದಿಯೊಂದು ಬಂತು. ಯಾವುದೋ ಹಳ್ಳಿಯ ಹೋಟೆಲಿನಲ್ಲಿ 'ಒಂದು ನಿರ್ದಿಷ್ಟ ವರ್ಗಕ್ಕೆ ಸೇರಿದವರಿಗೆ' ಕಾಫಿ ಕೊಡದ ವಿಚಾರವಾಗಿ 'ಎರಡು ಗುಂಪುಗಳ ನಡುವೆ' ಮಾತಿನ ಚಕಮಕಿ. ಅವಳು ಎರಡಕ್ಕೂ ಗೆರೆ ಹಾಕಿದ್ದಳು. ನಾನು ಒಂದಕ್ಕೂ ಹಾಕಿರಲಿಲ್ಲ.

"ಇದನ್ಯಾಕೆ ಬಿಟ್ಟಿದ್ದೀಯ? ಯಾವ ವರ್ಗ ಅಂತ ಎಲ್ಲಿ ಹೇಳಿದ್ದಾರೆ?" ಎಂದಳು.

"ಇದ್ರಲ್ಲಿ ಹೇಳೋಕೇನಿದೆ ಕಣೇ? ಓದಿದ ತಕ್ಷಣ ಗೊತ್ತಾಗುತ್ತಲ್ಲ."

"ನಂಗೆ ಗೊತ್ತಾಗ್ಲಿಲ್ಲಪ್ಪ."

"ನಿಂಗೆ ಹೆಂಗೆ ಗೊತ್ತಾಗುತ್ತೆ? ನಮ್ಮಮ್ಮಂಗೆ ಓದಿ ಹೇಳಿದ್ರೆ ಪೂರ್ತಿ ಕೇಳೋಕ್ ಮುಂಚೇನೇ ಅಂತಾರೆ, ಅದು ನಾವೇ ಅಂತ."

ಅವಳು ಆ ವರದಿಯನ್ನು ಇನ್ನೊಂದು ಸಲ ಓದಿದಳು. ಆಮೇಲೆ, "ಹಂಗಾದ್ರೆ ನಾನ್ ಹಾಕಿರೋದೂ ಇರ್ಲಿ, ನೀನ್ ಹಾಕ್ದೇ ಇರೋದೂ ಇರ್ಲಿ. ಒಂದೇ ಮಾತು ಒಬ್ಬರಿಗೆ ಮಬ್ಬು, ಇನ್ನೊಬ್ಬರಿಗೆ ನಿಚ್ಚಳ ಅಂತ ಬರಿ" ಎಂದಳು. ಹಾಗೇ ಬರೆದೆ. ಗೈಡ್ ಇಡೀ ಪ್ರಬಂಧದಲ್ಲಿ ಮೆಚ್ಚಿದ್ದು ಆ ಅಧ್ಯಾಯವನ್ನೇ. ಅವಳಂಥ ಗೆಳತಿ ನನಗೆ ಹಿಂದೆ ಸಿಕ್ಕಿರಲಿಲ್ಲ, ಆಮೇಲೂ ಸಿಗಲಿಲ್ಲ.

ಮನೆ ಹುಡುಕಲೂ ಅವಳೇ ಜೊತೆಗೆ ಬರುತ್ತಿದ್ದಳು. ತನ್ನ ಸ್ಕೂಟರಿನ ಹಿಂದೆ ನನ್ನನ್ನು ಕೂರಿಸಿಕೊಂಡು, ಟು-ಲೆಟ್ ಬೋರ್ಡು ಕಂಡಲ್ಲೆಲ್ಲ ನಿಲ್ಲಿಸುತ್ತಿದ್ದಳು. ಮನೆಯವರು ಮೊದಲು ಚೆನ್ನಾಗಿಯೇ ಮಾತಾಡುತ್ತಿದ್ದರು. ಯಾವ ಊರು, ಎಷ್ಟು ಜನ, ಏನು ಕೆಲಸ. ಉಪನ್ಯಾಸಕಿ ಎಂದರೆ ಮರ್ಯಾದೆ, ಒಳಗೆ ಕರೆದು ನೀರು ಕೊಡುತ್ತಿದ್ದರು. ನಲ್ಲಿ, ಕಿಟಕಿ, ಮೋಟರು ಎಲ್ಲ ತೋರಿಸಿ ಆದ ಮೇಲೆ, ಹೊರಡುವ ಹೊತ್ತಿಗೆ ಆ ಪ್ರಶ್ನೆ ಬರುತ್ತಿತ್ತು. "ಮನೆದೇವರು ಯಾವುದಮ್ಮ?"

ನಮ್ಮ ಕಡೆ ಜಾತಿ ಯಾವುದು ಎಂದು ಯಾರೂ ಕೇಳುವುದಿಲ್ಲ, ಕೇಳಿದರೆ ಅಸಹ್ಯ. ಮನೆದೇವರು ಕೇಳುತ್ತಾರೆ. ದೇವರ ಹೆಸರು ತಿಳಿದರೆ ಉಳಿದದ್ದು ತಾನಾಗಿ ತಿಳಿಯುತ್ತದೆ. ನಮ್ಮಪ್ಪ ಕೆಲಸಕ್ಕೆ ಸೇರಿದ ಮೇಲೆ ಬೌದ್ಧರಾದವರು, ನಮಗೆ ಮನೆದೇವರಿಲ್ಲ. "ನಾವು ಬೌದ್ಧರು" ಎನ್ನುತ್ತಿದ್ದೆ. ಬೌದ್ಧರು ಎಂದರೆ ಮೊದಲು ಊರಾಚೆಯ ಕೇರಿಯಲ್ಲಿದ್ದವರು ಎಂಬುದು ಇಲ್ಲಿ ಎಲ್ಲರಿಗೂ ಗೊತ್ತು. ಒಬ್ಬ ಯಜಮಾನರು "ಓ, ಒಳ್ಳೇದಮ್ಮ, ಬುದ್ಧ ಅಂದ್ರೆ ನಮಗೂ ತುಂಬಾ ಗೌರವ" ಎಂದು ಕೈಮುಗಿದರು. ಬಾಡಿಗೆಯ ಮಾತು ಮಾತ್ರ ಮತ್ತೆ ಎತ್ತಲಿಲ್ಲ. ಇನ್ನೊಬ್ಬರು ಹೆಂಡತಿಯ ಕಡೆ ತಿರುಗಿ ತೆಲುಗಿನಲ್ಲಿ "ಏಮಂಟಾವು?" ಎಂದು ಅಭಿಪ್ರಾಯ ಕೇಳಿದರು. ಆಕೆ "ಚೂದ್ದಾಂಲೇ", ನೋಡೋಣ ಬಿಡಿ, ಎಂದರು. ಗೌರಿಬಿದನೂರಿನವಳಿಗೆ ತೆಲುಗು ಬರುವುದಿಲ್ಲ ಎಂದುಕೊಂಡಿದ್ದರೋ ಏನೋ. ಎಲ್ಲರ ಬಾಯಲ್ಲೂ ಕೊನೆಗೆ ಅದೇ ಮಾತು, ನೋಡೋಣ. ನೋಡಿ ಫೋನ್ ಮಾಡ್ತೀವಿ. ಮಗಳು ಬಾಣಂತನಕ್ಕೆ ಬರಬಹುದು. ಪೇಂಟು ಹೊಡೆಸಬೇಕು. ಆಷಾಢ ಬಂತಲ್ಲಮ್ಮ, ಕಳೀಲಿ. ಮಾರನೇ ವಾರ ಅದೇ ಬೀದಿಯಲ್ಲಿ ಹೋದರೆ ಟು-ಲೆಟ್ ಬೋರ್ಡು ಹಾಗೇ ನೇತಾಡುತ್ತಿರುತ್ತಿತ್ತು.

ಮೊದಮೊದಲು ನಗುತ್ತಿದ್ದೆ. ಪ್ರಬಂಧಕ್ಕೆ ಬಿಟ್ಟಿ ಸಾಮಗ್ರಿ ಸಿಗುತ್ತಿದೆ ಎಂದು ಗೆಳತಿಗೆ ಹೇಳುತ್ತಿದ್ದೆ. ಅವಳು ನಗುತ್ತಿರಲಿಲ್ಲ, ಮನೆಯವರ ಮೇಲೆ ಉರಿದು ಬೀಳುತ್ತಿದ್ದಳು. ಆಮೇಲಾಮೇಲೆ ನನ್ನ ನಗುವೂ ನಿಂತಿತು. ಯಾರಾದರೂ ಬಾಯಿ ತೆರೆಯುವ ಮೊದಲೇ ಏನು ಹೇಳುತ್ತಾರೆಂದು ತಿಳಿಯುತ್ತಿತ್ತು. ಬೈದು ಕಳಿಸಿದ್ದರೆ ತಿರುಗಿ ಬೈಯಬಹುದಿತ್ತು. ನೀರು ಕೊಟ್ಟು, ಅಮ್ಮ ತಾಯಿ ಎಂದು ಗೇಟಿನವರೆಗೆ ಬಂದು ಕಳಿಸಿಕೊಟ್ಟವರನ್ನು ಏನೆಂದು ಬೈಯುವುದು?

ಒಂದು ಸಂಜೆ ಹಾಗೇ ಬರಿಗೈಯಲ್ಲಿ ವಾಪಸಾಗುವಾಗ ಗೆಳತಿ ಸ್ಕೂಟರು ನಿಲ್ಲಿಸಿ, "ಅಲ್ಲ ಕಣೇ, ನಮ್ಮ ಮಹಡಿ ಮನೆ ಖಾಲಿ ಬಿದ್ದಿದೆ, ನಾನ್ ನಿನ್ನ ಕರ್ಕೊಂಡು ಬೀದಿ ಬೀದಿ ಸುತ್ತುತಾ ಇದೀನಿ. ಭಾನುವಾರ ಊಟಕ್ಕೆ ಬಾ, ಅಮ್ಮನ್ನ ಕೇಳಣ" ಎಂದಳು. ಈ ಮಾತು ಅವಳಿಗೆ ಮೊದಲೇ ಯಾಕೆ ಹೊಳೆಯಲಿಲ್ಲ ಎಂದು ಒಂದು ಗಳಿಗೆ ಅನ್ನಿಸಿತು. ಆದರೆ ಆ ಸಂತೋಷದಲ್ಲಿ ಅದು ಮರೆತುಹೋಯಿತು. ಮಹಡಿ ಮನೆಯಲ್ಲಿ ಮೇಜು ಎಲ್ಲಿ ಹಾಕಬೇಕು, ಪತ್ರಿಕೆಗಳ ಕಟ್ಟು ಎಲ್ಲಿಡಬೇಕು ಎಂದು ಬಸ್ಸಿನಲ್ಲೇ ಲೆಕ್ಕ ಹಾಕಿಕೊಂಡೆ.

ಅವಳ ತಾಯಿ ನನಗೆ ಹೊಸಬರಲ್ಲ. ಆ ಮನೆಯಲ್ಲಿ ಎಷ್ಟೋ ಸಲ ಉಂಡಿದ್ದೆ. ಆ ಭಾನುವಾರವೂ ಮುದ್ದೆ, ಬಸ್ಸಾರು ಮಾಡಿದ್ದರು. ನನ್ನ ಪಕ್ಕವೇ ಕೂತು, ತಮ್ಮ ತಟ್ಟೆಯ ಉಪ್ಪಿನಕಾಯಿ ನನ್ನ ತಟ್ಟೆಗೆ ಹಾಕಿ, "ಸೊರಗೋಗಿದ್ದೀಯಲ್ಲಮ್ಮ, ದಿನಾ ಬಸ್ಸಲ್ಲಿ ಓಡಾಡಿ" ಎಂದರು. ಊಟ ಮುಗಿಯುವ ಹೊತ್ತಿಗೆ ಗೆಳತಿ ಮಾತು ತೆಗೆದಳು. "ಅಮ್ಮ, ಮಹಡಿ ಮನೆ ಇವಳಿಗೆ ಕೊಟ್ರೆ ಹೆಂಗೆ?"

ಆ ತಾಯಿ ಎದ್ದು ಒಳಗೆ ಹೋದರು. ಕೈ ತೊಳೆದು ಬಂದು, ಸೆರಗಿನಲ್ಲಿ ಒರೆಸಿಕೊಳ್ಳುತ್ತಾ, ನನ್ನ ಮುಖ ನೋಡದೆ, "ಆಷಾಢ ಕಳೀಲಿ ಕಣಮ್ಮ. ನೋಡೋಣ" ಎಂದರು.

ನನ್ನ ಕೈಯಲ್ಲಿದ್ದ ಮಜ್ಜಿಗೆ ಲೋಟ ಹಾಗೇ ಉಳಿಯಿತು. ಗೆಳತಿಯ ಕಡೆ ನೋಡಿದೆ. ಅವಳು ತಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋದಳು. ಊಟಕ್ಕೆ ಬಂದವಳು ಎದ್ದು ಹೋಗುತ್ತಾಳೆ, ಬಾಡಿಗೆಗೆ ಬಂದವಳು ಉಳಿದುಬಿಡುತ್ತಾಳೆ, ಅದಕ್ಕೇ ಊಟಕ್ಕೊಂದು ನ್ಯಾಯ ಬಾಡಿಗೆಗೊಂದು ನ್ಯಾಯ ಎಂದುಕೊಂಡೆ. ಆಷಾಢದಲ್ಲಿ ಮನೆ ಬದಲಾಯಿಸುವುದಿಲ್ಲ, ಹೊಸ ಮನೆಯಲ್ಲಿ ಹಾಲುಕ್ಕಿಸುವುದಿಲ್ಲ ಎಂಬುದು ನನಗೂ ಗೊತ್ತು. ಆದರೆ ಅದು ನಮ್ಮ ಮನೆಯ ಪದ್ಧತಿಯಲ್ಲ ಎಂಬುದು ಅವರಿಗೂ ಗೊತ್ತಿತ್ತಲ್ಲ. ಅದೇ ಆಷಾಢದ ನೆಪವನ್ನು ನಾನು ಬೇರೆ ಬಾಗಿಲಲ್ಲಿ ಕೇಳಿ ಬಂದಿದ್ದೆ. ಮಾರನೇ ದಿನ ಸ್ಟಾಫ್ ರೂಮಿನಲ್ಲಿ ಗೆಳತಿ ಕಣ್ಣು ತಪ್ಪಿಸಿ, "ಅಮ್ಮ ನೋಡೋಣ ಅಂದಿದ್ದಾರಲ್ಲ, ನೋಡೋಣ ಕಣೇ" ಎಂದಾಗ ನನಗೆ ಇನ್ನೇನೂ ಕೇಳಬೇಕೆನ್ನಿಸಲಿಲ್ಲ. ಅವತ್ತು ಆದ ನೋವು ಬೀದಿಯ ಯಾವ ಮನೆಯಲ್ಲೂ ಆಗಿರಲಿಲ್ಲ. ಬಸ್ಸಿನ ಕಿಟಕಿಗೆ ಮುಖ ತಿರುಗಿಸಿಕೊಂಡು ಗೌರಿಬಿದನೂರಿನವರೆಗೂ ಅತ್ತೆ.

ಆ ವರ್ಷದ ಅತಿಥಿ ಉಪನ್ಯಾಸಕರ ಆಯ್ಕೆಯಲ್ಲಿ ಚಿಂತಾಮಣಿಯ ಕಾಲೇಜೊಂದರಲ್ಲಿ ಜಾಗವಿತ್ತು. ಅದನ್ನೇ ಆರಿಸಿಕೊಂಡೆ. ಗೆಳತಿ ಫೋನ್ ಮಾಡಿ ಯಾಕೆ ಎಂದು ಕೇಳಿದಳು. ನಾನು ಜಗಳವಾಡಲಿಲ್ಲ. "ಆ ಕಡೆ ಸ್ವಲ್ಪ ಅನುಕೂಲ ಕಣೇ" ಎಂದೆ. ಏನು ಅನುಕೂಲ ಎಂದು ಅವಳು ಕೇಳಲಿಲ್ಲ, ನಾನು ಹೇಳಲಿಲ್ಲ. "ಬಿಡುವಾದಾಗ ಸಿಗೋಣ" ಎಂದೆವು. ಚಿಂತಾಮಣಿಯಲ್ಲಿ ಒಂದು ಮುಸ್ಲಿಂ ಮನೆಯ ಹಿಂದಿನ ಭಾಗ ಬಾಡಿಗೆಗೆ ಸಿಕ್ಕಿತು. ಆ ಮನೆಯ ಅಮ್ಮ, "ನೀರು ದಿನಾ ಬರಲ್ಲ, ಹಿಡಿದಿಟ್ಕೋಬೇಕು. ಗೇಟು ಬೇಗ ಹಾಕ್ತೀವಿ. ಇಷ್ಟ ಇದ್ರೆ ಬನ್ನಿ" ಎಂದು ಬೀಗದ ಕೈ ಕೊಟ್ಟರು. ಆ ಬಿರುಸು ಮಾತು ಕೇಳಿ ನನಗೆ ಜೀವ ಬಂದಂತಾಯಿತು.

ಪ್ರಬಂಧ ಅಲ್ಲೇ ಮುಗಿಯಿತು. ಎರಡನೇ ಓದು ಅಷ್ಟರಲ್ಲಿ ಹೆಚ್ಚುಕಡಿಮೆ ಆಗಿಹೋಗಿತ್ತು, ಉಳಿದ ಸ್ವಲ್ಪವನ್ನು ಇನ್ಯಾರೋ ಮಾಡಿಕೊಟ್ಟರು. ಕೃತಜ್ಞತೆಯ ಪುಟದಲ್ಲಿ ಗೈಡ್ ಹೆಸರು, ಅಪ್ಪ ಅಮ್ಮನ ಹೆಸರು, ಟೈಪು ಮಾಡಿಕೊಟ್ಟವರ ಹೆಸರು ಎಲ್ಲ ಬರೆದೆ. ಗೆಳತಿಯ ಜಾಗ ಬಂದಾಗ ನನ್ನ ಸಿಟ್ಟು ಇನ್ನೂ ಬಿಸಿಯಾಗಿಯೇ ಇತ್ತು. 'ಹಾಗೂ ನೆರವಾದ ಇತರ ಸ್ನೇಹಿತರು' ಎಂದು ಬರೆದು ಬೈಂಡಿಂಗಿಗೆ ಕೊಟ್ಟೆ. ಒಂದು ಪ್ರತಿಯನ್ನು ಅವಳಿಗೆ ಅಂಚೆಯಲ್ಲಿ ಕಳಿಸಿದೆ ಕೂಡ. ಅವಳು ಆ ಪುಟ ಓದುತ್ತಾಳೆಂದು ಗೊತ್ತಿತ್ತು, ಓದಲಿ ಎಂದೇ ಕಳಿಸಿದ್ದು. ಅವಳಿಂದ ಉತ್ತರ ಬರಲಿಲ್ಲ.

ಈ ವರ್ಷ ಪರೀಕ್ಷೆಯ ಡ್ಯೂಟಿಗೆಂದು ಶಿಡ್ಲಘಟ್ಟಕ್ಕೆ ಹೋಗಿದ್ದೆ. ಬೆಳಗಿನ ಪರೀಕ್ಷೆ ಮುಗಿಸಿ ಚಿಂತಾಮಣಿ ಬಸ್ಸಿಗೆ ಕಾಯುತ್ತಾ ನಿಂತಿದ್ದಾಗ, ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಗೆಳತಿಯ ತಾಯಿ ಕೂತಿದ್ದರು. ಊರಲ್ಲಿ ಯಾರದೋ ಮಗುವಿನ ನಾಮಕರಣ ಮುಗಿಸಿ ಚಿಕ್ಕಬಳ್ಳಾಪುರಕ್ಕೆ ಹೊರಟಿದ್ದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಕಾಣದವಳಂತೆ ಸರಿದುಹೋಗೋಣ ಎಂದುಕೊಂಡೆ. ಅವರೇ ಕರೆದರು.

"ಬಾಮ್ಮ, ಕೂತ್ಕೋ. ಡಾಕ್ಟ್ರಾದೆ ಅಂತಲ್ಲ, ಸಂತೋಷ." ನಾನು ಕೂತೆ. ಅದೂ ಇದೂ ಮಾತಾಡಿದೆವು. ಮಗಳಿಗೆ ಗೌರಿಬಿದನೂರಿಗೆ ವರ್ಗವಾಗಿದೆ, ಚಿಕ್ಕಬಳ್ಳಾಪುರದಿಂದ ದಿನವೂ ಬಸ್ಸಿನಲ್ಲಿ ಓಡಾಡುತ್ತಾಳೆ ಎಂದರು. ಮಾತಿಗೆ ಮಾತು ಸೇರಿಸಬೇಕಲ್ಲ ಎಂದು, "ಮಹಡಿ ಮನೇಲಿ ಈಗ ಯಾರಿದ್ದಾರಮ್ಮ?" ಎಂದು ಕೇಳಿಬಿಟ್ಟೆ.

ಆಕೆ ನನ್ನನ್ನೇ ನೋಡಿದರು. "ನಮ್ಮ ಭಾವನೋರ ಮಗ. ಪಾಲಾಯ್ತು, ಅದು ಅವರಿಗೆ ಹೋಯ್ತು. ನಿಂಗೆ ಗೊತ್ತಿಲ್ವಾ?" ಎಂದರು. ಗೊತ್ತಿಲ್ಲ ಎಂದೆ.

ಆಮೇಲೆ ಎಲ್ಲ ಹೇಳಿದರು, ಯಾವುದನ್ನೂ ಮುಚ್ಚಿಡಲಿಲ್ಲ. ಮಹಡಿ ಕಟ್ಟುವಾಗ ಭಾವನೂ, ಅಂದರೆ ಗೆಳತಿಯ ಊರಿನ ದೊಡ್ಡಪ್ಪನೂ, ದುಡ್ಡು ಹಾಕಿದ್ದರಂತೆ, ಅವರನ್ನು ಕೇಳದೆ ಬಾಡಿಗೆಗೆ ಕೊಡುವ ಹಾಗಿರಲಿಲ್ಲವಂತೆ. ಕೇಳಿದರೆ ಬೇಡ ಎನ್ನುತ್ತಾರೆ, ಯಾಕೆ ಬೇಡ ಎನ್ನುತ್ತಾರೆ ಎಂಬುದೂ ಗೊತ್ತಿತ್ತು. ಅದನ್ನು ನನ್ನ ಮುಂದೆ ಹೇಳಲು ನಾಲಿಗೆ ಏಳಲಿಲ್ಲವಂತೆ. ಮಗಳಿಗೂ ಬಾಯಿ ಬಿಡಬೇಡ ಎಂದಿದ್ದರು. ಆಷಾಢ ಹೇಗೂ ಇದೆ, ಅದು ಕಳೆಯುವಷ್ಟರಲ್ಲಿ ಊರಿಗೆ ಹೋಗಿ ಒಪ್ಪಿಸಿಕೊಂಡು ಬಂದರಾಯಿತು ಎಂದುಕೊಂಡಿದ್ದರು.

"ಹೋದೆ ಕಣಮ್ಮ. ದೊಡ್ಡ ರಂಪಾನೇ ಆಯ್ತು. ಇಷ್ಟು ವರ್ಷ ಅವರ ಮುಂದೆ ದನಿ ಎತ್ತಿದೋಳಲ್ಲ ನಾನು. ಕೊಡೋದೇ ಸೈ, ಬೇಕಾದ್ರೆ ಪಾಲು ಮಾಡಿ ಅಂದೆ. ಕೊನೆಗೆ ಏನಾದ್ರೂ ಮಾಡ್ಕೋ ಹೋಗು ಅಂದ್ರು. ಶ್ರಾವಣದ ಮೊದಲನೇ ಶುಕ್ರವಾರ ಮಹಡಿ ತೊಳೆಸಿ, ರಂಗೋಲಿ ಬಿಡಿಸಿ, ಹಾಲುಕ್ಕಿಸೋಕೆ ಒಲೆ ಇಟ್ಟು, ನಿಂಗೆ ಫೋನ್ ಮಾಡು ಅಂದ್ರೆ ಇವಳು ಅಳ್ತಾ ಕೂತವಳೆ. ಅವಳು ಚಿಂತಾಮಣಿ ಸೇರ್ಕೊಂಡ್ಳಮ್ಮ, ಅವಳಿಗೆ ನಮ್ಮನೆ ಬೇಡವಂತೆ ಅಂತಾಳೆ."

ಆಕೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದರು.

"ಭಾವನೋರು ನಕ್ಕರು ಕಣಮ್ಮ. ಯಾರಿಗೋಸ್ಕರ ನನ್ನೆದುರು ನಿಂತ್ಯೋ ಅವಳಿಗೇ ನಿಮ್ಮನೆ ಬೇಡವಾಯ್ತಲ್ಲ ಅಂತ ಎಲ್ಲರ ಮುಂದೆ ನಕ್ಕರು. ಆಮೇಲೆ ಪಾಲಿನ ಮಾತು ಬಂದಾಗ ನಂಗೆ ಏನೂ ಹೇಳಕ್ಕಾಗ್ಲಿಲ್ಲ. ಮಹಡಿ ಬಿಟ್ಟುಕೊಟ್ಟೆ."

"ಅವತ್ತೇ ನನ್ಹತ್ರ ಹೇಳ್ಬಾರ್ದಿತ್ತಾ ಅಮ್ಮ, ಭಾವನೋರು ಒಪ್ಪಲ್ಲ, ಒಪ್ಪಿಸಿ ಬರ್ತೀನಿ ಅಂತ?" ನನ್ನ ದನಿ ಜೋರಾಗಿಯೇ ಬಂದಿರಬೇಕು, ಪಕ್ಕದವರು ತಿರುಗಿ ನೋಡಿದರು.

"ಯಾಕೆ ಒಪ್ಪಲ್ಲ ಅಂತ ನೀನು ಕೇಳ್ತಿದ್ದೆ. ನಮ್ಮ ಬಾಯಿಂದ ಅದನ್ನ ಹೆಂಗೆ ಹೇಳೋದಮ್ಮ? ನೀನು ನಮ್ಮನೇಲಿ ಉಂಡ ಮಗಳು." ಆಮೇಲೆ ನನ್ನ ಕಡೆ ತಿರುಗಿ ಕೇಳಿದರು. "ನಾನೂ ಅವರೆಲ್ಲರ ಥರಾನೇ ಅನ್ನಿಸ್ತಾ ನಿಂಗೆ?"

ಸುಳ್ಳು ಹೇಳಬಹುದಿತ್ತು. "ಹೂಂ ಅಮ್ಮ" ಎಂದೆ. ಆಕೆ ತಲೆಯಾಡಿಸಿದರು, ಕಣ್ಣು ಒರೆಸಿಕೊಳ್ಳಲಿಲ್ಲ. "ಅನ್ನಿಸಿದ್ರಲ್ಲಿ ನಿಂದೇನೂ ತಪ್ಪಿಲ್ಲ ಬಿಡು" ಎಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಎಲ್ಲಾ ಬಾಗಿಲುಗಳಲ್ಲಿ ಕೇಳಿದ ಸುಳ್ಳು ಮಾತು, ಒಬ್ಬರು ನಿಜವಾಗಿ ಆಡಿದ ಅದೇ ಮಾತನ್ನು ನನ್ನಿಂದ ಕಿತ್ತುಕೊಂಡಿತ್ತು. ಆ ಮನೆಗಳವರ ಮೇಲೆ ನನಗೆ ಈಗಲೂ ಸಿಟ್ಟಿದೆ. ಇದಕ್ಕೇ ಹೆಚ್ಚು ಸಿಟ್ಟು.

ಚಿಕ್ಕಬಳ್ಳಾಪುರದ ಬಸ್ಸು ಬಂತು. ಕೈಹಿಡಿದು ಹತ್ತಿಸಿದೆ. ಮೆಟ್ಟಿಲ ಮೇಲೆ ನಿಂತು, "ಅವಳಿಗೊಂದು ಫೋನ್ ಮಾಡಮ್ಮ. ನೀನೇ ಮಾಡು" ಎಂದರು. ಬಸ್ಸು ಮರೆಯಾಗುವ ಮೊದಲೇ ಮಾಡಿದೆ. ಸ್ವಲ್ಪ ಹೊತ್ತು ರಿಂಗಾಯಿತು, ಎತ್ತಿದಳು.

"ಹೇಳಿ ಮೇಡಂ" ಎಂದಳು.

ಒಬ್ಬರನ್ನೊಬ್ಬರು ನಾವು ಹಾಗೆ ಕರೆಯುತ್ತಿದ್ದದ್ದು ಹುಡುಗರ ಮುಂದೆ ಮಾತ್ರ. ಹೇಳಬೇಕೆಂದುಕೊಂಡಿದ್ದ ಮಾತೆಲ್ಲ ಹೋಯಿತು. "ಅಮ್ಮ ಸಿಕ್ಕಿದ್ರು ಕಣೇ. ಎಲ್ಲ ಹೇಳಿದ್ರು. ನಾನು ನಿಮ್ಮನೆಗೆ ಬರ್ಬೇಕು ಅಂತಾನೇ ಇದ್ದೆ. ನೀವು ಬೇಡ ಅಂದ್ರಿ ಅಂದ್ಕೊಂಡೆ. ನಿನ್ನ ಹೆಸರು ಬರೀದೇ ಇದ್ದಿದ್ದು ಬೇಕಂತಾನೇ. ತಪ್ಪು ಮಾಡಿದೆ" ಎಂದೆ. ಅಷ್ಟು ಬಿಡಿಸಿ ನಾನು ಯಾರ ಹತ್ತಿರವೂ ಮಾತಾಡಿದವಳಲ್ಲ.

ಆ ಕಡೆ ಹುಡುಗರ ಗಲಾಟೆ ಕೇಳುತ್ತಿತ್ತು.

"ಕ್ಲಾಸಿದೆ. ಆಮೇಲೆ ಮಾತಾಡೋಣ."

ಈ ಸಲ ನಾನು ಸುಮ್ಮನಿರಲಿಲ್ಲ. "ಆಮೇಲೆ ಅಂದ್ರೆ ಯಾವಾಗ?" ಎಂದು ಕೇಳಿದೆ.

ಫೋನು ಕಟ್ಟಾಯಿತೇನೋ ಎಂದು ಒಂದು ಸಲ ತೆಗೆದು ನೋಡಿದೆ, ಕಟ್ಟಾಗಿರಲಿಲ್ಲ.

"ಗೊತ್ತಿಲ್ಲ ಮೇಡಂ" ಎಂದು ಇಟ್ಟಳು.